ಹೊರದೇಶದಲ್ಲಿ ಕೈಯಲ್ಲಿದ್ದ ಕಾಗದ, ವಾಪಸ್ ಬಂದ ಮೇಲಿನ ಬದುಕು

ಮರಳಿ ಬಂದವ:

ಎಲ್ಲರಿಗೂ ನಮಸ್ಕಾರ. ಹೊರದೇಶದಿಂದ ವಾಪಸ್ ಬಂದವರು ಊರಲ್ಲಿ ಯಾಕೆ ನೆಲೆ ನಿಲ್ಲುವುದಿಲ್ಲ ಅನ್ನುವ ಮಾತು ಬಂದಾಗಲೆಲ್ಲ ಎರಡು ಉತ್ತರ ಥಟ್ಟನೆ ಬರುತ್ತವೆ. ದುಡ್ಡು ಉಳಿಸಲಿಲ್ಲ, ಇಲ್ಲವೇ ಇಲ್ಲಿ ಕೆಲಸ ಸಿಗಲಿಲ್ಲ. ಎರಡೂ ಸುಳ್ಳಲ್ಲ. ಆದರೆ ಆ ಮನುಷ್ಯ ಅಲ್ಲಿ ಯಾವ ಕಾಗದದ ಮೇಲೆ ಇದ್ದ ಅಂತ ಯಾರೂ ಕೇಳುವುದಿಲ್ಲ. ವೀಸಾ ಚಾಲ್ತಿಯಲ್ಲಿತ್ತಾ, ಅವಧಿ ಮುಗಿದಿತ್ತಾ, ಆಶ್ರಯ ಕೇಳಿದ ಅರ್ಜಿ ತಿರಸ್ಕಾರ ಆಗಿತ್ತಾ, ಕಾಯಂ ವಾಸದ ಪರವಾನಗಿ ಇತ್ತಾ? ವಾಪಸಾದ ಮೇಲಿನ ಬದುಕು ಅರ್ಧಕ್ಕರ್ಧ ಅಲ್ಲೇ ತೀರ್ಮಾನ ಆಗಿರುತ್ತದೆ ಅಂತ ನನಗನಿಸುತ್ತದೆ.

ಜಾನ್-ಪಿಯೆರ್ ಕಸರಿನೋ ಎಂಬ ಸಂಶೋಧಕರು 2004ರಲ್ಲಿ ಇದರ ಬಗ್ಗೆ ಒಂದು ಸರಳ ವಿಚಾರ ಮುಂದಿಟ್ಟರು. ಮರಳುವವನಿಗೆ ಮನಸ್ಸೂ ಇರಬೇಕು, ತಯಾರಿಯೂ ಇರಬೇಕು. ತಯಾರಿ ಅಂದರೆ ಬರೀ ದುಡ್ಡಲ್ಲ. ಸಮಯ, ಮಾಹಿತಿ, ಪರಿಚಯ, ಕಲಿತ ಕೆಲಸ ಎಲ್ಲ ಅದರಲ್ಲಿ ಬಂತು. ಮುಂದೆ ಅವರ ತಂಡ ಅಲ್ಜೀರಿಯಾ, ಮೊರಾಕೊ, ಟುನೀಷಿಯಾಗಳಿಗೆ ಮರಳಿದ ಸುಮಾರು ಒಂದು ಸಾವಿರ ಜನರನ್ನು ಮಾತಾಡಿಸಿತು. ತಾವೇ ತೀರ್ಮಾನ ಮಾಡಿ ಬಂದವರು ಒಂದು ದಡ, ಬರಲೇಬೇಕಾಗಿ ಬಂದವರು ಇನ್ನೊಂದು ದಡ ಅನ್ನುವಷ್ಟು ವ್ಯತ್ಯಾಸ ಕಂಡಿತು.

ಕಾಗದ ಸರಿ ಇದ್ದವನು ಹೊರಡುವ ದಿನ ತಾನೇ ಗೊತ್ತು ಮಾಡುತ್ತಾನೆ. ಬಾಕಿ ಸಂಬಳ ವಸೂಲಿ ಮಾಡುತ್ತಾನೆ, ಸಾಮಾನು ಮಾರುತ್ತಾನೆ, ರಜೆಯಲ್ಲಿ ಒಮ್ಮೆ ಬಂದು ಊರಿನ ಪರಿಸ್ಥಿತಿ ನೋಡಿಕೊಂಡು ಹೋಗಿರುತ್ತಾನೆ. ಕಾಗದ ಇಲ್ಲದವನ ದಿನವನ್ನು ಬೇರೆ ಯಾರೋ ಗೊತ್ತು ಮಾಡುತ್ತಾರೆ. ಒಂದು ತಪಾಸಣೆ, ಒಂದು ದೂರು, ಅಷ್ಟೇ ಸಾಕು.

ಇನ್ನೊಂದು ಮಾತಿಗೆ ಜನ ಅಷ್ಟಾಗಿ ಗಮನ ಕೊಡುವುದಿಲ್ಲ. ಮತ್ತೆ ಹೋಗುವ ದಾರಿ ತೆರೆದಿದ್ದರೆ ಜನ ಧೈರ್ಯವಾಗಿ ವಾಪಸ್ ಬರುತ್ತಾರೆ. ದಾರಿ ಮುಚ್ಚಿದರೆ ಅಲ್ಲೇ ಕೂತುಬಿಡುತ್ತಾರೆ. 1973ರ ನವೆಂಬರ್‌ನಲ್ಲಿ ಪಶ್ಚಿಮ ಜರ್ಮನಿ ಹೊರಗಿನ ಕೆಲಸಗಾರರನ್ನು ಕರೆಸಿಕೊಳ್ಳುವುದನ್ನು ನಿಲ್ಲಿಸಿತು. ಜನ ಕಡಿಮೆಯಾಗುತ್ತಾರೆ ಅನ್ನುವುದು ಲೆಕ್ಕಾಚಾರ. ಆದದ್ದು ಬೇರೆ. ಒಮ್ಮೆ ಹೊರಟರೆ ಮತ್ತೆ ಬರಲಾಗುವುದಿಲ್ಲ ಅಂತ ಟರ್ಕಿಯ ಎಷ್ಟೋ ಕೆಲಸಗಾರರು ಅಲ್ಲೇ ಉಳಿದು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು.

ನಿಮ್ಮ ಅನುಭವ, ಕಂಡದ್ದು, ಓದಿದ್ದು ಏನಿದ್ದರೂ ಬರೆಯಿರಿ. ಸುಮ್ನೆ ಸರಿ-ತಪ್ಪು ಅಂತ ಜಗಳ ಮಾಡುವುದಕ್ಕಿಂತ, ಕಾಗದಕ್ಕೂ ಬದುಕಿಗೂ ನಡುವಿನ ನಂಟು ಹೇಗೆ ಕೆಲಸ ಮಾಡುತ್ತದೆ ಅಂತ ಅರ್ಥ ಮಾಡಿಕೊಳ್ಳುವ ಆಸೆ ನನ್ನದು.

ವೆಲ್ಡಿಂಗ್ ಮೇಸ್ತ್ರಿ:

ಸರ್, ನಾನು ಎರಡೂ ಥರ ಇದ್ದು ಬಂದವನು. ಕೊಲ್ಲಿಯ ಒಂದು ದೇಶದಲ್ಲಿ ಮೊದಲು ಸರಿಯಾದ ವೀಸಾ ಇತ್ತು. ಕಂಪನಿ ಸಂಬಳ ನಿಲ್ಲಿಸಿತು, ಆಮೇಲೆ ಇಕಾಮಾ (ವಾಸದ ಪರವಾನಗಿ) ನವೀಕರಣವನ್ನೂ ನಿಲ್ಲಿಸಿತು. ಹೊಟ್ಟೆಪಾಡಿಗೆ ಬೇರೆ ಕಡೆ ಕೆಲಸಕ್ಕೆ ಹೋದೆ. ಆಗ ಕಂಪನಿಯವರು 'ಹುರೂಬ್' ಹಾಕಿದರು, ಅಂದರೆ ಓಡಿಹೋಗಿದ್ದಾನೆ ಅಂತ ದೂರು. ನಾನು ಅದೇ ಊರಲ್ಲಿ, ಅದೇ ಕೆಲಸ ಮಾಡುತ್ತಿದ್ದೆ. ಕಾಗದದ ಲೆಕ್ಕದಲ್ಲಿ ಮಾತ್ರ ತಪ್ಪಿಸಿಕೊಂಡವನು.

ಕೊನೆಗೆ ಆಮ್ನೆಸ್ಟಿ (ಅವಧಿ ಮೀರಿ ಉಳಿದವರು ಶಿಕ್ಷೆಯಿಲ್ಲದೆ ಹೊರಡಲು ಸರ್ಕಾರ ಕೊಡುವ ಅವಕಾಶ) ಘೋಷಣೆಯಾದಾಗ ಔಟ್‌ಪಾಸ್ (ಪಾಸ್‌ಪೋರ್ಟ್ ಕೈಯಲ್ಲಿಲ್ಲದವರಿಗೆ ರಾಯಭಾರ ಕಚೇರಿ ಕೊಡುವ, ಒಮ್ಮೆ ಊರಿಗೆ ಬರಲು ಮಾತ್ರ ಆಗುವ ಕಾಗದ) ಮೇಲೆ ಬಂದೆ. ಪಾಸ್‌ಪೋರ್ಟ್ ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ ಹತ್ತಿರವೇ ಉಳಿಯಿತು. ಒಂದು ಬ್ಯಾಗ್ ತಂದೆ. ನನ್ನ ದುಡ್ಡಲ್ಲಿ ಕೊಂಡ ಗ್ರೈಂಡರ್, ಹೆಲ್ಮೆಟ್, ಒಳ್ಳೆಯ ಹೋಲ್ಡರ್ ಎಲ್ಲ ರೂಮಿನಲ್ಲೇ ಬಿಟ್ಟೆ.

ಇಲ್ಲಿ ಬಂದ ಮೇಲೆ ಏನಾಯಿತು ಅಂತ ಹೇಳುತ್ತೇನೆ. ಒಂದು ಪೈಪ್‌ಲೈನ್ ಕೆಲಸಕ್ಕೆ ಹೋದೆ. ಟೆಸ್ಟ್ ಪೀಸ್ ಕೊಟ್ಟರು, 6ಜಿ ಪೊಸಿಷನ್. ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿರುತ್ತಾರೆ, ಅದನ್ನು ತಿರುಗಿಸುವ ಹಾಗಿಲ್ಲ, ವೆಲ್ಡರೇ ಸುತ್ತ ತಿರುಗಿ ಜೋಡಿಸಬೇಕು. ಮಾಡಿಕೊಟ್ಟೆ. ಎಕ್ಸ್‌ರೇ ಪಾಸಾಯಿತು. ಇನ್‌ಸ್ಪೆಕ್ಟರ್ ಬೆನ್ನು ತಟ್ಟಿದರು. ಆಮೇಲೆ ಆಫೀಸಿನಲ್ಲಿ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೇಳಿದರು. ಕೊನೆಯ ವರ್ಷಗಳದ್ದು ಒಂದೂ ಇಲ್ಲ. ಇದ್ದ ಹಳೆಯ ಪತ್ರದ ಮೇಲೆ ಹೆಲ್ಪರ್ ದರ್ಜೆ ಬರೆದಿತ್ತು. ಕೊನೆಗೆ ಹೆಲ್ಪರ್ ಸಂಬಳಕ್ಕೇ ಸೇರಿಕೊಂಡೆ. ಕೆಲಸ ಮಾತ್ರ ವೆಲ್ಡರ್‌ದು.

ಬ್ಯಾಂಕಿನ ಕಥೆಯೂ ಅದೇ. ಸ್ವಂತ ಶೆಡ್ ಹಾಕೋಣ ಅಂತ ಸಾಲದ ಅರ್ಜಿ ತುಂಬುತ್ತಿದ್ದೆ. 'ಹಿಂದಿನ ವರ್ಷಗಳ ಆದಾಯದ ದಾಖಲೆ' ಅಂತ ಒಂದು ಕಾಲಂ. ಆ ವರ್ಷಗಳಲ್ಲಿ ನಾನು ಮನೆಗೆ ದುಡ್ಡು ಕಳಿಸುತ್ತಲೇ ಇದ್ದೆ. ಆದರೆ ಬೇರೆಯವರ ಐಡಿ ಮೇಲೆ, ಇಲ್ಲವೇ ಕೈಯಿಂದ ಕೈಗೆ ಕಳಿಸಬೇಕಿತ್ತು. ನನ್ನ ಹೆಸರಲ್ಲಿ ಒಂದು ಸಾಲೂ ಇಲ್ಲ. ಕಾಲಂ ಖಾಲಿ ಬಿಟ್ಟೆ. ಅರ್ಜಿ ವಾಪಸ್ ಬಂತು. ದುಡಿದ ವರ್ಷಗಳೇ ಅಳಿಸಿಹೋದ ಹಾಗಾಗುತ್ತದೆ ಸರ್.

ಓದುವ ಹುಡುಗಿ:

ಮೇಸ್ತ್ರಿ ಅಣ್ಣ ಬರೆದದ್ದು ಓದಿ ಮನಸ್ಸು ಭಾರವಾಯಿತು. ಅನುಭವ ಪತ್ರ ಇಲ್ಲದ ಕೌಶಲ ಅನ್ನುವುದು ಎಷ್ಟೋ ದೇಶಗಳ ಕಥೆ.

ನಾನು ವಲಸೆಯ ಬಗ್ಗೆ ಓದುತ್ತಿದ್ದೇನೆ. ಪುನಃಪ್ರವೇಶ ನಿಷೇಧದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಮೂಲ ಬರಹದ ಕೊನೆಯ ಮಾತಿಗೆ ಇದು ನೇರ ಸಂಬಂಧಪಟ್ಟಿದ್ದು. ಅಮೆರಿಕದಲ್ಲಿ 1996ರಲ್ಲಿ ಒಂದು ಕಾನೂನು ಬಂತು. ಅನಧಿಕೃತವಾಗಿ 180 ದಿನಕ್ಕಿಂತ ಜಾಸ್ತಿ, ಒಂದು ವರ್ಷಕ್ಕಿಂತ ಕಡಿಮೆ ಇದ್ದು ಹೊರಟವರಿಗೆ 3 ವರ್ಷ ಪ್ರವೇಶ ಇಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ 10 ವರ್ಷ. ಈ ನಿಷೇಧ ಜಾರಿಗೆ ಬರುವುದು ದೇಶ ಬಿಟ್ಟು ಹೊರಟಾಗ ಅನ್ನುವುದನ್ನು ಗಮನಿಸಿ. ಅಂದರೆ ಒಳಗೇ ಇದ್ದಷ್ಟು ಕಾಲ ಅದು ತಾಗುವುದಿಲ್ಲ, ಮನೆಗೆ ಹೊರಟ ಕೂಡಲೇ ತಾಗುತ್ತದೆ. ಹೀಗಿದ್ದ ಮೇಲೆ ಯಾರು ತಾನೇ ಹೊರಡುತ್ತಾರೆ?

ಇದರ ಪರಿಣಾಮ ಊರಿನ ಸಂಬಂಧಗಳ ಮೇಲೆ ಆಗುತ್ತದೆ. ಮೆಕ್ಸಿಕೊದ ಕೆಲಸಗಾರರು ಮೊದಲು ಹಂಗಾಮಿಗೆ ಹೋಗಿ ಬಂದು ಮಾಡುತ್ತಿದ್ದರು. ಗಡಿ ಬಿಗಿಯಾಗುತ್ತಾ ಹೋದ ಹಾಗೆ ಆ ಓಡಾಟ ನಿಂತು, ಜನ ವರ್ಷಗಟ್ಟಲೆ ಅಲ್ಲೇ ಉಳಿದರು ಅಂತ ಡಗ್ಲಸ್ ಮ್ಯಾಸಿ ಮತ್ತು ಹೋರ್ಹೆ ಡುರಾಂಡ್ ದಶಕಗಳ ಕಾಲ ಮಾಹಿತಿ ಕಲೆಹಾಕಿ ತೋರಿಸಿದ್ದಾರೆ. ತಂದೆ ತಾಯಿ ತೀರಿಕೊಂಡರೂ ಬರಲಾಗುವುದಿಲ್ಲ. ತಂಗಿ ಮದುವೆಗೆ ಬರಲಾಗುವುದಿಲ್ಲ. ಹತ್ತು ಹದಿನೈದು ವರ್ಷ ಹೀಗೆ ಕಳೆದವನನ್ನು ಒಂದು ದಿನ ವಿಮಾನ ಹತ್ತಿಸಿ ಕಳಿಸಿದರೆ, ಅವನು ಬಿಟ್ಟುಹೋದ ಊರು ಅಲ್ಲಿ ಇರುವುದೇ ಇಲ್ಲ. ನಡುನಡುವೆ ಬಂದು ಹೋಗುವುದು ಬರೀ ಭಾವನೆಯ ವಿಷಯ ಅಂದುಕೊಳ್ಳಬೇಡಿ. ಯಾರು ಸಾಲ ಕೊಡುತ್ತಾರೆ, ಯಾವ ವ್ಯಾಪಾರ ನಡೆಯುತ್ತದೆ, ಯಾರನ್ನು ನಂಬಬಹುದು ಅನ್ನುವುದೆಲ್ಲ ಹಾಗೆ ಬಂದು ಹೋದಾಗಲೇ ತಿಳಿಯುವುದು.

ಖಡಕ್ ಮಾತು:

ಎಲ್ಲರ ನೋವೂ ಅರ್ಥವಾಗುತ್ತದೆ. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ಒಂದು ದೇಶದ ನಿಯಮ ಮೀರಿ ಉಳಿದರೆ ಅದರ ಪರಿಣಾಮ ಅನುಭವಿಸಬೇಕಲ್ವಾ? ಪ್ರತಿ ವರ್ಷ ಶುಲ್ಕ ಕಟ್ಟಿ, ನವೀಕರಣಕ್ಕೆ ಓಡಾಡಿ, ಭಯದಲ್ಲೇ ನಿಯಮ ಪಾಲಿಸಿದವರೂ ಇದ್ದಾರೆ. ಅವರು ವಾಪಸ್ ಬಂದಾಗ ಯಾವ ಯೋಜನೆಯೂ ಇಲ್ಲ, ಯಾವ ಸಹಾಯಧನವೂ ಇಲ್ಲ. ಯೂರೋಪಿನ ಕೆಲವು ದೇಶಗಳಲ್ಲಿ ಅರ್ಜಿ ತಿರಸ್ಕಾರವಾದವರಿಗೆ, ಅಕ್ರಮವಾಗಿ ಉಳಿದವರಿಗೆ ಟಿಕೆಟ್ ಕೊಟ್ಟು, ಮೇಲೆ ಅಂಗಡಿ ಹಾಕಿಕೊಳ್ಳಲು ನೆರವನ್ನೂ ಕೊಡುತ್ತಾರೆ. ನಿಯಮ ಪಾಲಿಸಿದವನಿಗೆ ಏನು? ಇದು ನ್ಯಾಯವೇ ಅಂತ ಯೋಚಿಸಿ.

ನರ್ಸಕ್ಕ:

ಖಡಕ್ ಮಾತು ಅವರೇ, ನಾನು ನೀವು ಹೇಳಿದ ಹಾಗೆ ನಿಯಮ ಪಾಲಿಸಿ ಬಂದವಳು. ನಿಮ್ಮ ಮಾತಿನಲ್ಲಿ ಸತ್ಯ ಇದೆ, ನನಗೂ ಯಾರೂ ಏನೂ ಕೊಡಲಿಲ್ಲ. ಆದರೆ ನನಗೆ ಸಿಕ್ಕಿದ್ದನ್ನು ಲೆಕ್ಕ ಹಾಕಿದರೆ ಅದು ಯಾವ ಸಹಾಯಧನಕ್ಕೂ ಕಡಿಮೆಯಲ್ಲ. ನೋಟಿಸ್ ಅವಧಿ ಸಿಕ್ಕಿತು. ಆ ಅವಧಿಯಲ್ಲಿ ಆಸ್ಪತ್ರೆಯಿಂದ ಸೇವಾ ಪತ್ರ, ಯಾವ ವಾರ್ಡಿನಲ್ಲಿ ಎಷ್ಟು ಕಾಲ ಕೆಲಸ ಮಾಡಿದೆ ಅನ್ನುವ ವಿವರ, ಗುಡ್ ಸ್ಟ್ಯಾಂಡಿಂಗ್ ಪತ್ರ (ನನ್ನ ಮೇಲೆ ದೂರಿಲ್ಲ ಅನ್ನುವುದಕ್ಕೆ) ಎಲ್ಲ ಮಾಡಿಸಿಕೊಂಡೆ. ಗ್ರಾಚ್ಯುಟಿ ಖಾತೆಗೆ ಬಂತು. ಯುಎಇ ಕಾನೂನಿನಲ್ಲಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲಿನ ವರ್ಷಗಳಿಗೆ 30 ದಿನದ್ದು. ಇದು ಸಣ್ಣ ಮೊತ್ತವಲ್ಲ. ಓಡಿಹೋದವರು ಅಂತ ದೂರು ದಾಖಲಾದವರು ಇದನ್ನು ಪಡೆಯುವುದು ಎಷ್ಟು ಕಷ್ಟ ಅಂತ ಮೇಸ್ತ್ರಿ ಅಣ್ಣನಿಗೆ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಸಕ್ರಮ, ಅಕ್ರಮ ಅಂತ ಎರಡೇ ಡಬ್ಬಿ ಮಾಡಿದರೆ ಮಧ್ಯದಲ್ಲಿರುವವರು ಕಾಣುವುದೇ ಇಲ್ಲ. ಕಫಾಲಾ ಪದ್ಧತಿಯಲ್ಲಿ ವೀಸಾ ಮಾಲೀಕನ ಕೈಯಲ್ಲಿರುತ್ತದೆ. ಕಾಗದದಲ್ಲಿ ಎಲ್ಲ ಸರಿ ಇದ್ದರೂ ಮನೆಕೆಲಸದ ಹೆಂಗಸು ತನ್ನ ಇಷ್ಟಕ್ಕೆ ಹೊರಡುವ ಹಾಗಿರಲಿಲ್ಲ. ಕತಾರ್ 2018ರಲ್ಲಿ ಹೆಚ್ಚಿನ ಕೆಲಸಗಾರರಿಗೆ ಎಕ್ಸಿಟ್ ಪರ್ಮಿಟ್ (ದೇಶ ಬಿಡಲು ಬೇಕಿದ್ದ ಮಾಲೀಕನ ಅನುಮತಿ) ತೆಗೆದುಹಾಕಿತು. ಮನೆಕೆಲಸದವರಿಗೆ ಆ ಅನುಕೂಲ ಬಂದದ್ದು 2020ರಲ್ಲಿ. ಸೌದಿ 2021ರಲ್ಲಿ ಸುಧಾರಣೆ ತಂದಾಗ ಮನೆಕೆಲಸದವರನ್ನು ಹೊರಗಿಟ್ಟಿತು. ಹಾಗಾಗಿ ಒಬ್ಬಳು ಪೂರ್ತಿ ಸಕ್ರಮವಾಗಿದ್ದೂ, ಮಾಲೀಕ ಬಿಟ್ಟ ದಿನ, ಮಾಲೀಕ ಕೊಟ್ಟಷ್ಟು ಹಿಡಿದು ಬರುತ್ತಾಳೆ. ಊರಿಗೆ ಬಂದಾಗ ಅವಳ ಪರಿಸ್ಥಿತಿಗೂ ಔಟ್‌ಪಾಸ್ ಮೇಲೆ ಬಂದವರ ಪರಿಸ್ಥಿತಿಗೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ನಿಯಮ ಮೀರಿದ್ದು ಯಾರು ಅಂತ ಕೇಳಿದರೆ ಮೇಸ್ತ್ರಿ ಅಣ್ಣನ ವಿಷಯದಲ್ಲಿ ಮೊದಲು ಮೀರಿದ್ದು ಕಂಪನಿ. ಶಿಕ್ಷೆ ಅನುಭವಿಸಿದ್ದು ಅವರು.

ಹೆಸರು ಬೇಡ:

ನನ್ನ ಗಂಡ ಗಡಿಪಾರಾಗಿ ಬಂದವರು. ಯಾವ ಅಪರಾಧವೂ ಇರಲಿಲ್ಲ, ವೀಸಾ ಮುಗಿದಿತ್ತು ಅಷ್ಟೇ. ಹಿಡಿದು ಕಳಿಸಿದರು ಅಂದ ಕೂಡಲೇ ಜನ ಏನೋ ಮಾಡಿರಬೇಕು ಅಂತ ಅಂದುಕೊಳ್ಳುತ್ತಾರೆ. ನೆಂಟರು ಬಾಯಿಬಿಟ್ಟು ಕೇಳುವುದಿಲ್ಲ, ಬರುವುದನ್ನೇ ಕಮ್ಮಿ ಮಾಡುತ್ತಾರೆ. ಸಾಲ ಕೊಟ್ಟವರು ಮಾತ್ರ ಮರುದಿನವೇ ಬಂದರು. ಹೋಗುವಾಗ ಏಜೆಂಟ್‌ಗೆ ಕೊಡಲು ಮಾಡಿದ ಸಾಲ ಇನ್ನೂ ತೀರಿರಲಿಲ್ಲ.

ಇವರು ತುಂಬಾ ದಿನ ಮನೆಯಿಂದ ಹೊರಗೆ ಬರಲಿಲ್ಲ. ಫೋನ್ ಎತ್ತುತ್ತಿರಲಿಲ್ಲ. ದುಡ್ಡಿನ ಸಹಾಯಕ್ಕಿಂತ ಮೊದಲು ಯಾರಾದರೂ ಬಂದು ಕೂತು ಮಾತಾಡಿಸಿದ್ದರೆ ಸಾಕಿತ್ತು ಅಂತ ನನಗೆ ಅನಿಸುತ್ತದೆ.

ಓದುವ ಹುಡುಗಿ:

ಅಕ್ಕಾ, ಇಷ್ಟು ಹೇಳಿಕೊಂಡಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ. ಅಫ್ಘಾನಿಸ್ತಾನಕ್ಕೆ ಗಡಿಪಾರಾದವರ ಬಗ್ಗೆ ಲೀಸಾ ಶುಸ್ಟರ್ ಮತ್ತು ನಸ್ಸೀಮ್ ಮಜಿದಿ ಎಂಬ ಸಂಶೋಧಕಿಯರು ಬರೆದಿದ್ದಾರೆ. ವಾಪಸ್ ಬಂದವರು ಮತ್ತೆ ಹೊರಡಲು ಕಾರಣ ಏನು ಅಂತ ಹುಡುಕಿದಾಗ ಬಡತನ, ಅಭದ್ರತೆ ಜೊತೆಗೆ ಮೂರು ಸಂಗತಿ ಎದ್ದು ಕಂಡವು. ತೀರದ ಸಾಲ, ಅಲ್ಲಿ ಬಿಟ್ಟು ಬಂದ ಸಂಬಂಧಗಳು, ಮತ್ತೆ ಸೋತು ಬಂದವನು ಅಥವಾ ಕೆಟ್ಟು ಬಂದವನು ಅನ್ನುವ ಹಣೆಪಟ್ಟಿ. ನೀವು ಬರೆದದ್ದರಲ್ಲಿ ಎರಡು ಹಾಗೇ ಇವೆ.

ಹಣೆಪಟ್ಟಿ ಕೂಡ ಕಾಗದದಿಂದಲೇ ಬರುತ್ತದೆ ಅನ್ನುವುದು ನನ್ನನ್ನು ಕಾಡುತ್ತದೆ. ಒಬ್ಬನೇ ಮನುಷ್ಯ, ಅದೇ ದುಡಿಮೆ. ವೀಸಾ ಇದ್ದಾಗ ಬಂದರೆ 'ಫಾರಿನ್‌ನಿಂದ ಬಂದ', ಇಲ್ಲದಾಗ ಬಂದರೆ 'ಹಿಡಿದು ಕಳಿಸಿದರು'.

ಪಿಂಚಣಿ ಲೆಕ್ಕ:

ದುಡ್ಡಿನ ವಿಷಯ ಬಂದದ್ದರಿಂದ ನಾನು ತಿಳಿದಷ್ಟು ಸೇರಿಸುತ್ತೇನೆ. ಇದರ ಬಗ್ಗೆ ಮಾತಾಡುವವರು ಕಮ್ಮಿ. ಸಂಬಳದಿಂದ ಕಡಿತವಾಗುವ ಸಾಮಾಜಿಕ ಭದ್ರತೆಯ ಹಣ ವಾಪಸ್ ಬರುತ್ತದಾ ಅನ್ನುವುದೂ ನಿಮ್ಮ ಕಾನೂನು ಸ್ಥಾನದ ಮೇಲೇ ನಿಂತಿದೆ.

ಜಪಾನಿನಲ್ಲಿ ಪಿಂಚಣಿಗೆ ಕಟ್ಟಿ ದೇಶ ಬಿಟ್ಟವರು 2 ವರ್ಷದೊಳಗೆ ಅರ್ಜಿ ಹಾಕಿದರೆ ಒಂದಿಷ್ಟು ಮೊತ್ತ ಒಟ್ಟಿಗೆ ಸಿಗುತ್ತದೆ. ಗಡುವು ದಾಟಿದರೆ ಹೋಯಿತು. ಆಸ್ಟ್ರೇಲಿಯಾದಲ್ಲಿ ತಾತ್ಕಾಲಿಕ ವೀಸಾದವರು ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಸೂಪರ್‌ಆನ್ಯುಯೇಶನ್ (ಅಲ್ಲಿನ ನಿವೃತ್ತಿ ಉಳಿತಾಯ) ಹಣ ಕೇಳಬಹುದು, ಆದರೆ ದೊಡ್ಡ ಪಾಲು ತೆರಿಗೆಗೆ ಹೋಗುತ್ತದೆ. ದಕ್ಷಿಣ ಕೊರಿಯಾ 2004ರಿಂದ ಪರವಾನಗಿ ಪದ್ಧತಿಯಲ್ಲಿ ಹೊರಗಿನ ಕೆಲಸಗಾರರನ್ನು ತೆಗೆದುಕೊಳ್ಳುತ್ತಿದೆ. ಅಲ್ಲಿ ನಿರ್ಗಮನ ವಿಮೆ ಅಂತ ಇದೆ, ಕೆಲಸ ಮುಗಿದಾಗ ಕೆಲಸಗಾರನಿಗೆ ಸಿಗುವ ಹಣ. ಮೊದಲು ಕೆಲಸ ಬಿಟ್ಟಾಗಲೇ ಸಿಗುತ್ತಿತ್ತು, 2014ರಿಂದ ದೇಶ ಬಿಟ್ಟ ಮೇಲೆ ಕೊಡುವ ನಿಯಮ ಮಾಡಿದರು. ಅವಧಿ ಮೀರಿ ಉಳಿಯದಿರಲಿ ಅನ್ನುವ ಉದ್ದೇಶ. ಕೆಲಸಗಾರರ ಸಂಘಟನೆಗಳು ಇದನ್ನು ಕಟುವಾಗಿ ವಿರೋಧಿಸಿದವು. ಬೆವರು ಸುರಿಸಿ ದುಡಿದ ಹಣವನ್ನು ಒತ್ತೆ ಇಟ್ಟುಕೊಂಡ ಹಾಗೆ ಅಂತ ನನಗೂ ಅನಿಸುತ್ತದೆ.

ಇನ್ನು ಅಮೆರಿಕದಲ್ಲಿ ದಾಖಲೆ ಇಲ್ಲದೆ ದುಡಿಯುವವರು. ಅವರಲ್ಲಿ ಎಷ್ಟೋ ಜನರ ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ ಕಡಿತ ಆಗುತ್ತಲೇ ಇರುತ್ತದೆ. ಆ ಹಣ ನಿಧಿಗೆ ಸೇರುತ್ತದೆ. ವಯಸ್ಸಾದ ಮೇಲೆ ವಾಪಸ್ ಬಂದಾಗ ಅವರು ಅದನ್ನು ಕೇಳುವ ಹಾಗಿಲ್ಲ. ನಿಯಮ ಮೀರಿದವರು ಅನ್ನುತ್ತೀರಿ, ಅವರಿಂದ ಹಣ ತೆಗೆದುಕೊಳ್ಳುವಾಗ ಮಾತ್ರ ಯಾವ ನಿಯಮವೂ ಅಡ್ಡ ಬರಲಿಲ್ಲ.

ಒಂದು ದೇಶದಲ್ಲಿ ಕಟ್ಟಿದ್ದನ್ನು ಇನ್ನೊಂದು ದೇಶದಲ್ಲಿ ಪಡೆಯಲು ದೇಶಗಳ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ ಬೇಕು. ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) 1982ರಲ್ಲೇ ಇದಕ್ಕೆ 157ನೇ ಒಡಂಬಡಿಕೆ ಮಾಡಿದೆ. ಅನುಮೋದಿಸಿದ ದೇಶಗಳು ಬೆರಳೆಣಿಕೆಯಷ್ಟು.

ಮೇಷ್ಟ್ರು:

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಅಮ್ಮನಿಗೆ ಕಾಗದ ಇಲ್ಲದಿದ್ದರೆ ಮಗು ಹುಟ್ಟಿದಾಗ ನೋಂದಣಿಗೆ ಹೋಗಲು ಹೆದರುತ್ತಾರೆ. ಹೋದರೆ ಸಿಕ್ಕಿಬೀಳುತ್ತೇವೆ ಅನ್ನುವ ಭಯ. ಜನನ ಪ್ರಮಾಣಪತ್ರ ಇಲ್ಲದೆ ಆ ಮಗು ಅಪ್ಪ ಅಮ್ಮನ ದೇಶಕ್ಕೆ ಬರುತ್ತದೆ. ಇಲ್ಲಿ ಅದು ಯಾರ ಮಗು, ಯಾವ ದೇಶದ್ದು, ಎಷ್ಟು ವಯಸ್ಸು ಅಂತ ಸಾಬೀತು ಮಾಡುವುದೇ ವರ್ಷಗಟ್ಟಲೆ ನಡೆಯುತ್ತದೆ.

ನನ್ನ ತರಗತಿಗೆ ಹೀಗೆ ಬಂದ ಒಬ್ಬಳು ಹುಡುಗಿ ಇದ್ದಳು. ಟಿಸಿ ಇರಲಿಲ್ಲ, ಅಂಕಪಟ್ಟಿ ಇರಲಿಲ್ಲ. ಅಲ್ಲಿ ಶಾಲೆಗೆ ಹೋಗಿದ್ದಳು, ಆದರೆ ದಾಖಲೆಯಲ್ಲಿ ಹೆಸರಿಲ್ಲದೆ ಕೂತಿದ್ದಳು. ವಯಸ್ಸಿಗಿಂತ ಎರಡು ತರಗತಿ ಕೆಳಗೆ ಸೇರಿಸಿಕೊಂಡರು. ಲೆಕ್ಕದಲ್ಲಿ ಇಡೀ ಶಾಲೆಗೆ ಮುಂದು. ಹಲಗೆಯ ಮೇಲೆ ಭಾಗಾಕಾರ ಮಾಡುವಾಗ ಚಕಚಕ ಉತ್ತರ ಬರೆಯುತ್ತಿದ್ದಳು. ವಿವರಿಸು ಅಂದರೆ ಸುಮ್ಮನಾಗುತ್ತಿದ್ದಳು. ಭಾಷೆ ಬರುತ್ತಿರಲಿಲ್ಲ. ಚಿಕ್ಕ ಮಕ್ಕಳ ನಡುವೆ ಕೂತು ಕೂತು ಕೊನೆಗೆ ಶಾಲೆಗೆ ಬರುವುದನ್ನೇ ಬಿಟ್ಟಳು. ಎರಡು ಸಲ ಮನೆಗೆ ಹೋಗಿ ಕರೆದೆ, ಬರಲಿಲ್ಲ. ಈಗಲೂ ಅವಳ ನೆನಪಾಗುತ್ತದೆ.

ಇದನ್ನು ಸರಿಮಾಡಲು ಸಾಧ್ಯವೇ ಇಲ್ಲ ಅಂತೇನಿಲ್ಲ. 2015ರ ಹೊತ್ತಿಗೆ ಅಮೆರಿಕದಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ವಾಸಿಸುತ್ತಿದ್ದ ಮಕ್ಕಳ ಸಂಖ್ಯೆ 5 ಲಕ್ಷದ ಆಸುಪಾಸು ಇತ್ತು. ಹೊರದೇಶದ ದಾಖಲೆಗೆ ಅಪೊಸ್ಟಿಲ್ ಮುದ್ರೆ (ಅದು ಅಸಲಿ ಅನ್ನುವ ಸರ್ಕಾರಿ ಮುದ್ರೆ) ಬೇಕು ಅನ್ನುವ ನಿಯಮದಿಂದ ಎಷ್ಟೋ ಮಕ್ಕಳಿಗೆ ಶಾಲೆ ಸಿಗುತ್ತಿರಲಿಲ್ಲ. ಮುದ್ರೆ ಹಾಕಿಸಲು ಗಡಿ ದಾಟಿ ಹೋಗಬೇಕು. ಗಡಿಪಾರಾದ ಅಪ್ಪ ಹೋಗುವುದು ಹೇಗೆ? ಆ ವರ್ಷ ಮೆಕ್ಸಿಕೊ ಶಾಲಾ ದಾಖಲಾತಿಗೆ ಆ ನಿಯಮವನ್ನು ತೆಗೆದುಹಾಕಿತು. ಹಣ ಖರ್ಚಿಲ್ಲದ ಕೆಲಸ, ಒಂದು ಸುತ್ತೋಲೆಯಲ್ಲಿ ಆಗುವಂಥದ್ದು.

ಮರಳಿ ಬಂದವ:

ಮೇಷ್ಟ್ರೇ, ಈ ಮಗ್ಗುಲನ್ನು ನೀವು ಎತ್ತಿದ್ದು ಬಹಳ ಒಳ್ಳೆಯದಾಯಿತು.

ಖಡಕ್ ಮಾತು ಅವರ ಪ್ರಶ್ನೆಗೆ ಬರುತ್ತೇನೆ. ದುಡ್ಡು ಕೊಟ್ಟು ಕಳಿಸುವ ಯೋಜನೆಗಳು ಹೊಸವಲ್ಲ, ಮತ್ತು ಅವು ಅಕ್ರಮವಾಗಿ ಉಳಿದವರಿಗೆ ಮಾತ್ರ ಇದ್ದದ್ದೂ ಅಲ್ಲ. ಪಶ್ಚಿಮ ಜರ್ಮನಿ 1983ರಲ್ಲಿ ಕೆಲಸ ಕಳೆದುಕೊಂಡ ಸಕ್ರಮ ಕೆಲಸಗಾರರಿಗೆ 10,500 ಮಾರ್ಕ್, ಪ್ರತಿ ಮಗುವಿಗೆ ಇನ್ನೂ 1,500 ಮಾರ್ಕ್ ಕೊಟ್ಟು ಕಳಿಸಿತು. ಷರತ್ತು ಏನೆಂದರೆ ವಾಸದ ಹಕ್ಕು ಬಿಟ್ಟುಕೊಡಬೇಕು, ಕುಟುಂಬವೇ ಹೊರಡಬೇಕು. ಹೋದವರಿದ್ದಾರೆ, ಆದರೆ ಅವರ ಜೊತೆ ಹೋದ ಮಕ್ಕಳು ಟರ್ಕಿಯ ಶಾಲೆಗಳಲ್ಲಿ ಪಟ್ಟ ಪಾಡು ಮೇಷ್ಟ್ರು ಹೇಳಿದ ಹುಡುಗಿಯ ಪಾಡೇ. ಸ್ಪೇನ್ 2008ರಲ್ಲಿ ಇನ್ನೊಂದು ರೀತಿ ಮಾಡಿತು. ನಿರುದ್ಯೋಗ ಭತ್ಯೆಯನ್ನು ಎರಡು ಕಂತಿನಲ್ಲಿ ಒಟ್ಟಿಗೆ ಕೊಡುವುದು, ಶೇ 40 ಸ್ಪೇನಿನಲ್ಲಿ, ಶೇ 60 ಊರು ಮುಟ್ಟಿದ ಮೇಲೆ. ಪರವಾನಗಿ ಒಪ್ಪಿಸಿ 3 ವರ್ಷ ಮರಳುವಂತಿಲ್ಲ. ಕೆಲಸವೇ ಇಲ್ಲದ ಕಾಲದಲ್ಲೂ ಸರ್ಕಾರ ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ ಜನ ಒಪ್ಪಿದರು. ಹಣಕ್ಕಿಂತ ಆ ಪರವಾನಗಿ ದೊಡ್ಡದು ಅಂತ ಅವರಿಗೆ ಗೊತ್ತಿತ್ತು.

ಸಕ್ರಮವಾಗಿ ಇದ್ದವರಿಗೂ ಬಾಗಿಲು ಮುಚ್ಚುವ ಭಯ ಇದ್ದೇ ಇರುತ್ತದೆ. ಯೂರೋಪಿಯನ್ ಒಕ್ಕೂಟದ ದೀರ್ಘಾವಧಿ ನಿವಾಸಿ ಸ್ಥಾನ ಇದ್ದವರು ಸತತ 12 ತಿಂಗಳು ಒಕ್ಕೂಟದ ಹೊರಗಿದ್ದರೆ ಅದನ್ನು ಕಳೆದುಕೊಳ್ಳಬಹುದು. ಊರಲ್ಲಿ ಒಂದು ವ್ಯಾಪಾರ ಶುರು ಮಾಡಿ ಅದು ನಿಲ್ಲುತ್ತದೋ ಇಲ್ಲವೋ ನೋಡಲು 12 ತಿಂಗಳು ಸಾಲುತ್ತದಾ? ಸ್ವೀಡನ್ 2014ರಲ್ಲಿ ಕಾಯಂ ಪರವಾನಗಿ ಇದ್ದವರು ಮೊದಲೇ ತಿಳಿಸಿ 2 ವರ್ಷದವರೆಗೆ ಹೊರಗಿರಲು ಅವಕಾಶ ಕೊಟ್ಟಿತು. ಇಂಥದ್ದರಿಂದ ಮನುಷ್ಯ ಧೈರ್ಯವಾಗಿ ಪ್ರಯತ್ನ ಮಾಡಬಹುದು. ಆ ದೇಶದ ಪೌರತ್ವವೇ ಸಿಕ್ಕವರು ಇನ್ನೂ ನಿರಾಳ. ಇಲ್ಲಿ ಕೈಹಿಡಿಯದಿದ್ದರೆ ಹೋದರಾಯಿತು ಅಂತ ಬರುತ್ತಾರೆ, ಬಂದವರಲ್ಲಿ ಎಷ್ಟೋ ಮಂದಿ ಇಲ್ಲೇ ಬೇರು ಬಿಡುತ್ತಾರೆ.

ಖಡಕ್ ಮಾತು:

ವಿವರವಾಗಿ ಉತ್ತರಿಸಿದ್ದಕ್ಕೆ ಧನ್ಯವಾದ. ಮಾಲೀಕನೇ ನವೀಕರಣ ನಿಲ್ಲಿಸಿ ಒಬ್ಬನನ್ನು ಅಕ್ರಮ ಮಾಡಿದರೆ ಅದರ ಹೊಣೆ ಕೆಲಸಗಾರನದ್ದಲ್ಲ, ಅದು ಒಪ್ಪಿಗೆ. ಆದರೆ ನನ್ನ ಒಂದು ಮಾತು ಹಾಗೇ ಉಳಿಯುತ್ತದೆ. ವಾಪಸ್ ಬಂದ ಮೇಲೆ ಕೊಡುವ ನೆರವು ಯಾವ ಕಾಗದದ ಮೇಲೆ ಇದ್ದ ಅನ್ನುವುದನ್ನು ನೋಡಬಾರದು, ಈಗ ಏನು ಅಗತ್ಯ ಅನ್ನುವುದನ್ನು ನೋಡಬೇಕು. ಕಳಿಸುವ ದೇಶಕ್ಕೆ ಬೇಕಾದದ್ದು ಜನ ಹೊರಡುವುದು. ಅದಕ್ಕೇ ಅದು ಹೊರಡಿಸಲು ಕಷ್ಟವಾದವರಿಗೆ ದುಡ್ಡು ಕೊಡುತ್ತದೆ. ಬಂದವರು ಬದುಕಬೇಕು ಅನ್ನುವುದು ಬರಮಾಡಿಕೊಳ್ಳುವ ದೇಶದ ಕಾಳಜಿ. ಆ ಕಾಳಜಿಗೆ ಹಣ ಇಡುವವರು ಕಮ್ಮಿ.

ನರ್ಸಕ್ಕ:

ಈ ಮಾತಿಗೆ ನನ್ನ ಸಂಪೂರ್ಣ ಬೆಂಬಲ. 2018ರಲ್ಲಿ ಮರಾಕೆಶ್‌ನಲ್ಲಿ ಒಪ್ಪಿದ ವಲಸೆಯ ಜಾಗತಿಕ ಒಪ್ಪಂದದ 21ನೇ ಗುರಿಯೇ ಮರಳುವಿಕೆ ಮತ್ತು ಮರಳಿದವರು ನೆಲೆಯಾಗುವುದು. 22ನೇ ಗುರಿ ಸಾಮಾಜಿಕ ಭದ್ರತೆಯ ಹಕ್ಕನ್ನು ಜೊತೆಗೆ ಒಯ್ಯುವುದು. ಆದರೆ ಅದು ಕಾನೂನಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ.

ತಮ್ಮನ ಚಿಂತೆ:

ಎಲ್ಲರಿಗೂ ನಮಸ್ಕಾರ. ಎಲ್ಲ ಓದಿದೆ. ನನ್ನ ತಮ್ಮ ಹೊರಗಿದ್ದಾನೆ, ವೀಸಾ ಮುಗಿದಿದೆ, ಮಾಲೀಕ ಕೆಲವು ತಿಂಗಳ ಸಂಬಳ ಬಾಕಿ ಇಟ್ಟಿದ್ದಾನೆ. ಮುಂದೆ ಆಮ್ನೆಸ್ಟಿ ಬರುತ್ತದೆ, ಕಾಯಿ ಅಂತ ಅಲ್ಲಿಯ ಗೆಳೆಯರು ಹೇಳುತ್ತಿದ್ದಾರಂತೆ. ಕಾಯಬೇಕಾ, ಈಗಲೇ ಬರಬೇಕಾ? ದಯವಿಟ್ಟು ತಿಳಿದವರು ಹೇಳಿ.

ವೆಲ್ಡಿಂಗ್ ಮೇಸ್ತ್ರಿ:

ಅಕ್ಕಾ, ಮೊದಲು ಗಾಬರಿ ಬಿಡಿ. ಆಮ್ನೆಸ್ಟಿ ಬರುತ್ತದೆ ಅನ್ನುವ ಸುದ್ದಿ ಯಾವಾಗಲೂ ಓಡಾಡುತ್ತಿರುತ್ತದೆ. ನಂಬಿ ಕೂತರೆ ದಂಡ ಏರುತ್ತಾ ಹೋಗುತ್ತದೆ. ನಿಜವಾಗಿ ಘೋಷಣೆಯಾದರೆ ಸರ್ಕಾರವೇ ಹೇಳುತ್ತದೆ, ರಾಯಭಾರ ಕಚೇರಿಯೂ ತಿಳಿಸುತ್ತದೆ. ಘೋಷಣೆ ಆಗಿದ್ದರೆ ಮಾತ್ರ ಅದನ್ನು ಬಿಡಬಾರದು. ಯುಎಇ 2024ರಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಕೊಟ್ಟ ಅವಧಿಯಲ್ಲಿ ಹೊರಟವರಿಗೆ ದಂಡವೂ ಇರಲಿಲ್ಲ, ಮರುಪ್ರವೇಶ ನಿಷೇಧವೂ ಇರಲಿಲ್ಲ. ನಿಷೇಧ ಇಲ್ಲದೆ ಬಂದರೆ ನಾಳೆ ಸರಿಯಾದ ವೀಸಾದಲ್ಲಿ ಮತ್ತೆ ಹೋಗಬಹುದು.

ತಮ್ಮ ಈಗಲೇ ಮಾಡಬೇಕಾದ ಕೆಲಸ ಬೇರೆ ಇದೆ. ಅವನ ಮೇಲೆ ಓಡಿಹೋದ ದೂರು ಇದೆಯಾ ಅಂತ ಮೊದಲು ನೋಡಲಿ. ಸಂಬಳ ಬಾಕಿಯ ದೂರನ್ನು ಹೊರಡುವ ಮುಂಚೆಯೇ ಕಾರ್ಮಿಕ ಇಲಾಖೆಯಲ್ಲಿ ದಾಖಲಿಸಿ, ಅದರ ನಂಬರ್ ಇಟ್ಟುಕೊಳ್ಳಲಿ. ಅಲ್ಲಿ ಉಳಿಯುವ ನಂಬಿಕಸ್ಥರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೆ ಅವನು ಬಂದ ಮೇಲೂ ಕೇಸು ನಡೆಯುತ್ತದೆ. ನಾನು ಹೊರಡುವಾಗ ಇದನ್ನು ಯಾರೂ ಹೇಳಿಕೊಡಲಿಲ್ಲ.

ಓದುವ ಹುಡುಗಿ:

ಇದಕ್ಕೊಂದು ಅಂತರರಾಷ್ಟ್ರೀಯ ಆಧಾರವೂ ಇದೆ. ವಿಶ್ವಸಂಸ್ಥೆಯ 1990ರ ವಲಸೆ ಕಾರ್ಮಿಕರ ಹಕ್ಕುಗಳ ಒಡಂಬಡಿಕೆಯ 22ನೇ ವಿಧಿ ಹೇಳುವುದು ಇದನ್ನೇ. ಹೊರಹಾಕಲ್ಪಟ್ಟವರಿಗೂ ಹೊರಡುವ ಮುಂಚೆ ಅಥವಾ ಹೊರಟ ಮೇಲೆ ಸಂಬಳದ ಬಾಕಿ ಇತ್ಯರ್ಥ ಮಾಡಿಕೊಳ್ಳಲು ಅವಕಾಶ ಇರಬೇಕು. ದೊಡ್ಡ ಸಂಖ್ಯೆಯಲ್ಲಿ ಕೆಲಸಗಾರರನ್ನು ತೆಗೆದುಕೊಳ್ಳುವ ಶ್ರೀಮಂತ ದೇಶಗಳು ಅದನ್ನು ಅನುಮೋದಿಸಿಲ್ಲ. ಹಾಗಾಗಿ ಮೇಸ್ತ್ರಿ ಅಣ್ಣ ಹೇಳಿದ ಸ್ಥಳೀಯ ದೂರೇ ಮುಖ್ಯ. ಯೂರೋಪಿನಲ್ಲಿದ್ದರೆ ಇನ್ನೊಂದು ಗಮನಿಸಿ. ಯೂರೋಪಿಯನ್ ಒಕ್ಕೂಟದ 2008ರ ನಿರ್ದೇಶನದಲ್ಲಿ ಸ್ವಂತವಾಗಿ ಹೊರಡಲು ಸಾಮಾನ್ಯವಾಗಿ 7ರಿಂದ 30 ದಿನ ಕೊಡುತ್ತಾರೆ. ಆ ಗಡುವಿನೊಳಗೆ ಹೊರಡದಿದ್ದರೆ ಪ್ರವೇಶ ನಿಷೇಧ ಬೀಳುತ್ತದೆ, ಸಾಮಾನ್ಯವಾಗಿ 5 ವರ್ಷದವರೆಗೂ.

ನರ್ಸಕ್ಕ:

ಇನ್ನೊಂದು ಮಾತು. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಈಗಲೇ ಕೂಡಿಸಿಡಲು ಹೇಳಿ. ಹಳೆಯ ಐಡಿ ಕಾರ್ಡ್, ಗೇಟ್ ಪಾಸ್, ಸಂಬಳದ ಚೀಟಿ, ತರಬೇತಿ ಸರ್ಟಿಫಿಕೇಟ್, ಸುರಕ್ಷತಾ ಕಾರ್ಡ್, ಸೂಪರ್‌ವೈಸರ್ ಕಳಿಸಿದ ಮೆಸೇಜ್, ಸೈಟಿನಲ್ಲಿ ತೆಗೆದ ಫೋಟೊ, ಯಾವುದನ್ನೂ ಬಿಡಬೇಡಿ ಅನ್ನಿ. ಎಲ್ಲವನ್ನೂ ನಿಮ್ಮ ಫೋನಿಗೆ ಕಳಿಸಿರಲಿ, ಅವನ ಫೋನ್ ತಪಾಸಣೆಯಲ್ಲಿ ಹೋದರೂ ನಿಮ್ಮಲ್ಲಿ ಇರುತ್ತದೆ. ಸೂಪರ್‌ವೈಸರ್ ಒಳ್ಳೆಯವರಾಗಿದ್ದರೆ ಒಂದು ಪತ್ರ ಬರೆಸಿಕೊಳ್ಳಲಿ. ಚಿಕಿತ್ಸೆ ಏನಾದರೂ ಆಗಿದ್ದರೆ ಆ ಚೀಟಿಗಳನ್ನೂ.

ಹೆಸರು ಬೇಡ:

ಅಕ್ಕಾ, ತಮ್ಮ ಬರುವ ದಿನ ನೀವೇ ವಿಮಾನ ನಿಲ್ದಾಣಕ್ಕೆ ಹೋಗಿ. ಸಾಲದವರಿಗೆ ಮೊದಲೇ ಸಮಯ ಕೇಳಿಟ್ಟುಕೊಳ್ಳಿ, ಬಂದ ವಾರವೇ ಅವರು ಬಾಗಿಲಿಗೆ ಬರದ ಹಾಗೆ.

ತಮ್ಮನ ಚಿಂತೆ:

ಖಂಡಿತ ಹೋಗುತ್ತೇನೆ. ಈಗಷ್ಟೇ ಅವನ ಜೊತೆ ಮಾತಾಡಿದೆ. ಗೇಟ್ ಪಾಸ್ ಮತ್ತು ಎರಡು ಸಂಬಳದ ಚೀಟಿಯ ಫೋಟೊ ಕಳಿಸಿದ್ದಾನೆ, ಉಳಿದದ್ದು ಹುಡುಕುತ್ತಿದ್ದಾನೆ. ಓಡಿಹೋದ ದೂರು ಇದೆಯಾ ಅಂತ ಆನ್‌ಲೈನ್‌ನಲ್ಲಿ ನೋಡುವುದು ಹೇಗೆ ಅಂತ ಕೇಳುತ್ತಿದ್ದಾನೆ.

ವೆಲ್ಡಿಂಗ್ ಮೇಸ್ತ್ರಿ:

ಯಾವ ದೇಶ ಅಂತ ನನಗೆ ಖಾಸಗಿಯಾಗಿ ಬರೆಯಿರಿ ಅಕ್ಕಾ, ಇಲ್ಲಿ ಬೇಡ. ಐಡಿ ನಂಬರ್ ಯಾರಿಗೂ ಕೊಡಬೇಡಿ, ನನಗೂ ಬೇಡ. ಸರ್ಕಾರದ ಯಾವ ವೆಬ್‌ಸೈಟಿನಲ್ಲಿ ಅವನೇ ನೋಡಿಕೊಳ್ಳಬೇಕು ಅಂತ ಹೇಳಿಕೊಡುತ್ತೇನೆ. ರಾತ್ರಿ ಕೆಲಸ ಮುಗಿಸಿ ಬಂದ ಮೇಲೆ ಫೋನಿನಲ್ಲೂ ಸಿಗುತ್ತೇನೆ.